ಬೀಡಿ ಬ್ರಾಂಚಿನ ಜಗಲಿಯಲ್ಲಿ ಭಗತ್ ಸಿಂಗ್

೨೦ ಜನವರಿ ೨೦೨೫, ಸೋಮವಾರ

ಇವತ್ತು ಗ್ರಂಥಾಲಯಕ್ಕೆ ಬಂದವರು ನಾಲ್ಕು ಜನ. ಮೂವರು ಪೇಪರ್ ಓದಿದರು, ಒಬ್ಬರು ಫ್ಯಾನಿನ ಕೆಳಗೆ ನಿದ್ದೆ ಮಾಡಿದರು. ಆದರೆ ಬರೆಯಬೇಕಾದದ್ದು ಅಂಚೆಯಲ್ಲಿ ಬಂದ ಲಕೋಟೆಯ ಬಗ್ಗೆ.

ಮೂಡುಬಿದಿರೆಯ ಓದುಗರ ಕೂಟದವರು ಮಾರ್ಚ್ ೨೩ರಂದು, ಭಗತ್ ಸಿಂಗ್‌ರನ್ನು ಗಲ್ಲಿಗೇರಿಸಿದ ದಿನ, ಓದಿನ ಹಬ್ಬ ಮಾಡುತ್ತಾರಂತೆ. ಕನ್ನಡದಲ್ಲಿ ಬಂದ ಅವರ ಐದು ಜೀವನಚರಿತ್ರೆಗಳ ಪಟ್ಟಿ ಕಳಿಸಿದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹನ್ನೊಂದು ಗ್ರಂಥಾಲಯಗಳು ಅವನ್ನು ಓದಿ, ಯಾವುದು ಎಲ್ಲಕ್ಕಿಂತ ಒಳ್ಳೆಯದು, ಯಾಕೆ ಒಳ್ಳೆಯದು ಎಂದು ವೇದಿಕೆಯಲ್ಲಿ ಹೇಳಬೇಕು. ಹೆಚ್ಚು ಮತ ಬಿದ್ದದ್ದು ಮೂರೂ ತಾಲೂಕುಗಳ ಹೈಸ್ಕೂಲುಗಳಿಗೆ ಹೋಗುತ್ತದೆ. ಎಷ್ಟು ಸಾವಿರ ಮಕ್ಕಳ ಕೈಗೆ! ಎಂಟನೆಯ ಕ್ಲಾಸಿನಲ್ಲಿ ಭಗತ್ ಸಿಂಗ್ ಓದಿ ಒಂದು ವಾರ ಜ್ವರ ಬಂದವಳಂತೆ ಓಡಾಡಿದ್ದು ನನಗೆ ನೆನಪುಂಟು. ಓದುತ್ತ ಓದುತ್ತ ಖುಷಿಗೆ ಕುರ್ಚಿಯಿಂದ ಎದ್ದುಬಿಟ್ಟೆ.

ಕೊನೆಯ ಸಾಲು ಓದಿ ಖುಷಿ ಇಳಿಯಿತು. 'ಗ್ರಂಥಾಲಯದ ಮೇಲ್ವಿಚಾರಕರೇ ಐದು ನಿಮಿಷ ಮಾತನಾಡಬೇಕು.' ವಾಮದಪದವಿನ ಗ್ರಂಥಾಲಯದ ಮೇಲ್ವಿಚಾರಕಿ ಎಂದರೆ ನಾನು, ಸುರಕ್ಷಾ, ಉಗ್ಗುವವಳು. ತುಟಿ ಮುಚ್ಚುವ ಅಕ್ಷರ ಬಂದರೆ ನನ್ನ ತುಟಿ ಮತ್ತೆ ತೆರೆಯುವುದಿಲ್ಲ. ಪುಸ್ತಕ ಎನ್ನಲಾಗದೆ 'ಗ್ರಂಥ' ಎನ್ನುತ್ತೇನೆ, ಜನ ನಗುತ್ತಾರೆ. ಪಕ್ಕದ ಬೀಡಿ ಬ್ರಾಂಚಿನಲ್ಲಿ, ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿ ನೋಡಿ ತೆಗೆದುಕೊಳ್ಳುವ ಭೋಜಣ್ಣನನ್ನು ಐದು ವರ್ಷದಿಂದ 'ಚೆಕ್ಕರ್ ಅಣ್ಣ' ಎಂದೇ ಕರೆಯುತ್ತಿದ್ದೇನೆ. ಮೊನ್ನೆ ನೋಡಲು ಬಂದ ಹುಡುಗನ ಅಮ್ಮ, 'ಹುಡುಗಿಗೆ ಮಾತು ಬರುವುದಿಲ್ಲವಾ?' ಎಂದು ಕೇಳಿ ಹೋದವರು ಮತ್ತೆ ಫೋನ್ ಮಾಡಲಿಲ್ಲ.

ಭಗತ್ ಸಿಂಗ್. ಭ! ಬೇರೆ ಕ್ರಾಂತಿಕಾರಿ ಸಿಗಲಿಲ್ಲವಾ ಇವರಿಗೆ?

ಇಂದು ಉಗ್ಗಿದ್ದು: ಒಂಬತ್ತು ಸಲ. (ಕಾಲೇಜಿನಲ್ಲಿ ಮಾತಿನ ಟೀಚರ್ ಹೇಳಿಕೊಟ್ಟ ಲೆಕ್ಕ. ಬಿಡಲು ಆಗಿಲ್ಲ.)

೨೨ ಜನವರಿ, ಬುಧವಾರ

ಪಟ್ಟಿಯಲ್ಲಿರುವುದರಲ್ಲಿ ಎರಡು ನಮ್ಮ ಕಪಾಟಿನಲ್ಲೇ ಉಂಟು. ಒಂದು ಮಕ್ಕಳ ಚಿತ್ರಪುಸ್ತಕ. ಇನ್ನೊಂದು ಪಾಣೆಮಂಗಳೂರಿನ ಶಾಹುಲ್ ಹಮೀದ್ ಮಾಸ್ಟ್ರು ಬರೆದದ್ದು. ನನಗೆ ಜ್ವರ ಬರಿಸಿದ್ದು ಅದೇ. ಒಂಬತ್ತನೆಯ ಮುದ್ರಣ. ಹಬ್ಬದ ಅಧ್ಯಕ್ಷರೂ ಅವರೇ. ಗೆಲ್ಲುವುದು ಯಾವುದೆಂದು ಎಲ್ಲರಿಗೂ ಗೊತ್ತಿದ್ದಂತೆಯೇ.

ಮಧ್ಯಾಹ್ನ ಯಾರೂ ಇರಲಿಲ್ಲ. ಕಿಟಕಿಯ ಬಳಿ ನಿಂತು ಚಿತ್ರಪುಸ್ತಕವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದೆ. ಓದುವಾಗ ಉಗ್ಗು ಕಡಿಮೆ, ಅದು ಮೊದಲಿಂದಲೂ ಹಾಗೆ. ಮೂರನೆಯ ಪುಟಕ್ಕೆ ಬಂದಿದ್ದೆ, ಹುಡುಗ ಭಗತ್ ಹೊಲದಲ್ಲಿ ಬಂದೂಕು ಬಿತ್ತುವ ಚಿತ್ರ. ಹೊರಗಿನಿಂದ ಒಂದು ದನಿ: "ಜೋರಾಗಿ ಓದು ಮಾರಾಯ್ತಿ, ಇಲ್ಲಿಗೆ ಕೇಳುವುದಿಲ್ಲ!"

ಬೀಡಿ ಕೊಡಲು ಬಂದು ಬ್ರಾಂಚಿನ ಜಗಲಿಯಲ್ಲಿ ಕಾಯುತ್ತಿದ್ದ ಕಾಂತಿಯಕ್ಕ. ನಾನು ಕಿಟಕಿಯ ಕೆಳಗೆ ಕುಳಿತುಬಿಟ್ಟೆ, ಕಳ್ಳಿಯ ಹಾಗೆ.

"ಬಂದೂಕು ಬಿತ್ತಿದ ಮೇಲೆ ಏನಾಯ್ತು?" ಎಂದು ಮತ್ತೆ ಕೂಗಿದರು.

ಹೇಳದಿದ್ದರೆ ಬಿಡುವ ಹೆಂಗಸಲ್ಲ ಅವರು. ಎದ್ದು ನಿಂತು ಓದಿದೆ.

ಇಂದು: ಆರು.

೨೪ ಜನವರಿ, ಶುಕ್ರವಾರ

ನನ್ನ ಕುರ್ಚಿ ಈಗ ಬೀಡಿ ಬ್ರಾಂಚಿನ ಜಗಲಿಯಲ್ಲಿದೆ! ಚೆಕ್ಕರ್ ಅಣ್ಣ ಬೀಡಿ ಎಣಿಸಿ, ಸರಿಯಿಲ್ಲದ್ದನ್ನು ಬದಿಗೆ ಹಾಕಿ ಮುಗಿಸುವವರೆಗೆ ಹೆಂಗಸರು ಒಂದು ಗಂಟೆಯಾದರೂ ಕಾಯಬೇಕು. ಆ ಗಂಟೆ ನನ್ನದು. ಹದಿನಾಲ್ಕು ಜನರಿದ್ದರು. ಹದಿನಾಲ್ಕು! ಗ್ರಂಥಾಲಯದ ಒಳಗೆ ಇಷ್ಟು ಜನರನ್ನು ನಾನು ಯಾವತ್ತೂ ನೋಡಿಲ್ಲ.

ಚಿತ್ರಪುಸ್ತಕ ಒಂದೇ ದಿನದಲ್ಲಿ ಮುಗಿಯಿತು. ರುಖಿಯಮ್ಮ ಎಂಬವರೊಬ್ಬರಿದ್ದಾರೆ, ಅರುವತ್ತರ ಮೇಲಾಗಿರಬೇಕು. ಯಾವಾಗಲೂ ಕಂಬಕ್ಕೆ ಒರಗಿ ಕೂರುತ್ತಾರೆ, ಮಾತು ಕಡಿಮೆ. ಅವರು ಹೇಳಿದರು, "ಇದರಲ್ಲಿ ಅವನು ಎಲ್ಲ ಪುಟದಲ್ಲಿಯೂ ನಗುತ್ತಾನೆ ಅಂತ ಉಂಟು. ಮನುಷ್ಯ ಅಲ್ವಾ ಅವನು? ಒಂದು ದಿನವಾದರೂ ತಲೆನೋವು ಬರಲಿಲ್ವಾ?"

ವಿಮರ್ಶೆ ಎಂದರೆ ಇದು. ಬರೆದುಕೊಂಡೆ.

೩ ಫೆಬ್ರವರಿ, ಸೋಮವಾರ

ಮೂರನೆಯ ಪುಸ್ತಕ ಕಾಂತಿಯಕ್ಕನ ಮನೆಯಲ್ಲೇ ಸಿಕ್ಕಿತು, ಮಗಳಿಗೆ ಶಾಲೆಯಲ್ಲಿ ಬಹುಮಾನ ಬಂದದ್ದು. ಯಾರೂ ತೆರೆಯದೆ ಹೊಸದಾಗಿಯೇ ಇತ್ತು. ಎರಡು ದಿನ ಓದಿದೆ. ಇಸವಿ, ತಾರೀಖು, ಸೆಕ್ಷನ್, ಮತ್ತೆ ಇಸವಿ. ಕಾಂತಿಯಕ್ಕ ಎದ್ದು ನಿಂತರು.

"ಇದು ಜೀವನಚರಿತ್ರೆಯಾ, ರೇಷನ್ ಕಾರ್ಡಾ? ಇದನ್ನು ಮಕ್ಕಳಿಗೆ ಕೊಟ್ಟರೆ ಅವರು ಬ್ರಿಟಿಷರ ಪಕ್ಷ ಸೇರ್ತಾರೆ."

ಇಡೀ ಜಗಲಿ ನಕ್ಕಿತು. ಎರಡು ಪುಸ್ತಕ ಹೋದವು. ನಾಳೆಯಿಂದ ಮಾಸ್ಟ್ರದ್ದು. ರಾತ್ರಿ ಊಟದ ಹೊತ್ತಿಗೆ ಅಮ್ಮ, "ನಿನಗೇನಾಗಿದೆ, ಒಬ್ಬಳೇ ನಗ್ತಾ ಇದ್ದಿ?" ಎಂದರು.

ಇಂದು: ಐದು? ಸರಿಯಾಗಿ ಎಣಿಸಲಿಲ್ಲ.

೧೧ ಫೆಬ್ರವರಿ, ಮಂಗಳವಾರ

ಏನು ಪುಸ್ತಕ! ಓದಿದ್ದೇ ಆದರೂ ಜೋರಾಗಿ ಓದುವಾಗ ಬೇರೆಯೇ. ಮಾಸ್ಟ್ರ ವಾಕ್ಯಗಳಿಗೆ ಕಾಲು ಉಂಟು, ಓಡುತ್ತವೆ. ಹೆಂಗಸರು ಈಗ ಬೀಡಿ ಕೊಟ್ಟ ಮೇಲೂ ಹೋಗುವುದಿಲ್ಲ. ಎಲೆ, ಹೊಗೆಸೊಪ್ಪು ತಂದು, ಮೊರದಂಥ ತಡ್ಪೆ ಮಡಿಲಲ್ಲಿಟ್ಟು ಅಲ್ಲೇ ಸುತ್ತುತ್ತ ಕೇಳುತ್ತಾರೆ.

ಇವತ್ತು ಲಾಹೋರಿನಿಂದ ತಪ್ಪಿಸಿಕೊಳ್ಳುವ ಭಾಗ. ಭಗತ್ ಸಿಂಗ್ ಕೂದಲು ಕತ್ತರಿಸಿ, ಹ್ಯಾಟು ಹಾಕಿ, ರೈಲು ಹತ್ತುತ್ತಾರೆ. ಜೊತೆಯಲ್ಲಿ ಅವರ ಹೆಂಡತಿಯಂತೆ ನಟಿಸುತ್ತ ದುರ್ಗಾದೇವಿ, ಸಂಗಾತಿಯೊಬ್ಬರ ಪತ್ನಿ, ಸಣ್ಣ ಮಗುವನ್ನು ಕರೆದುಕೊಂಡು. ಸ್ಟೇಷನ್ ತುಂಬ ಪೊಲೀಸರು. ನಾನು ಒಂದು ಕ್ಷಣ ಬೇಕೆಂದೇ ನಿಲ್ಲಿಸಿದೆ. ಜಗಲಿಯಲ್ಲಿ ಒಂದು ಎಲೆಯ ಸದ್ದೂ ಇಲ್ಲ.

"ಓದು, ಓದು!" ಎಂದದ್ದು ಯಾರು? ಒಳಗಿನಿಂದ ಚೆಕ್ಕರ್ ಅಣ್ಣ! ಎಣಿಕೆ ತಪ್ಪಿ ಮೊದಲಿನಿಂದ ಎಣಿಸಬೇಕಾಯಿತಂತೆ.

ಕಾಂತಿಯಕ್ಕನ ತಕರಾರು ಒಂದೇ. ರೈಲು ಕಲ್ಕತ್ತೆ ತಲುಪಿದ ಮೇಲೆ ದುರ್ಗಾದೇವಿ ಪುಸ್ತಕದಲ್ಲಿ ಕಾಣಿಸುವುದೇ ಇಲ್ಲ. "ಅಷ್ಟು ಧೈರ್ಯದ ಹೆಂಗಸನ್ನು ಸ್ಟೇಷನಿನಲ್ಲಿ ಬಿಟ್ಟು ಹೋದರಲ್ಲ ನಿಮ್ಮ ಮಾಸ್ಟ್ರು! ಅವಳು ಮತ್ತೆ ಏನಾದಳು?" ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

೧೯ ಫೆಬ್ರವರಿ, ಬುಧವಾರ

ಮುಗಿಯಿತು. ಗಲ್ಲಿಗೇರಿಸುವ ದಿನ ಬೆಳಿಗ್ಗೆ ತಾಯಿ ಮಗನನ್ನು ನೋಡಲು ಜೈಲಿಗೆ ಬರುವ ನಾಲ್ಕು ಪುಟಗಳು. ಕಂಬಿಯ ಒಳಗಿಂದ ಕೈ ಚಾಚಿ ಅವನು ಅಮ್ಮನ ಕಣ್ಣೊರೆಸುತ್ತಾನೆ. ಕಾಂತಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ರುಖಿಯಮ್ಮ ಅತ್ತರು, ಸದ್ದಿಲ್ಲದೆ, ತುಂಬಾ ಹೊತ್ತು. ಮಡಿಲಿನ ಹೊಗೆಸೊಪ್ಪು ಒದ್ದೆಯಾಯಿತು.

ಭೋಜಣ್ಣನನ್ನು ಕರೆದು, ಎಲ್ಲರ ಎದುರು ಮತ ಎಣಿಸಿ ಎಂದೆ. ಮಾಸ್ಟ್ರ ಪುಸ್ತಕಕ್ಕೆ ಹದಿನಾರಕ್ಕೆ ಹದಿನಾರು. ಇನ್ನೇನು, ತೀರ್ಮಾನವಾಯಿತು. ಉಳಿದೆರಡು ಪುಸ್ತಕ ಹುಡುಕುವುದು ಬರೀ ಶಾಸ್ತ್ರಕ್ಕೆ.

೨೫ ಫೆಬ್ರವರಿ, ಮಂಗಳವಾರ

ನಾಲ್ಕನೆಯದು ಸಿಕ್ಕಿತು! ಬೆಳ್ತಂಗಡಿಯ ಗ್ರಂಥಾಲಯಕ್ಕೆ ಫೋನ್ ಮಾಡಿ ಕೇಳಿದೆ; ಉಂಟು, ಬನ್ನಿ ಎಂದರು. ಮಧ್ಯಾಹ್ನದ ಬಸ್ಸು ಹಿಡಿದು, ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಹೋಗಿ ತಂದೆ. ಯಾರೋ ಪ್ರೊಫೆಸರ್ ಬರೆದದ್ದು, ಆರುನೂರ ನಲುವತ್ತು ಪುಟ. ಕೆಳಗೆ ಇರುವೆಸಾಲಿನಂಥ ಅಡಿಟಿಪ್ಪಣಿಗಳು. ಐದನೆಯದು ಹನ್ನೊಂದು ಗ್ರಂಥಾಲಯಗಳಲ್ಲಿ ಒಬ್ಬರಿಗೂ ಸಿಕ್ಕಿಲ್ಲವಂತೆ. ಪಟ್ಟಿ ಮಾಡಿದವರೂ ನೋಡಿಲ್ಲವಂತೆ!

ಬಸ್ಸಿನಲ್ಲೇ ತೆರೆದೆ. ಮೊದಲ ವಾಕ್ಯ ಶುರುವಾದದ್ದು ಗುರುವಾಯನಕೆರೆಯಲ್ಲಿ, ಮುಗಿದದ್ದು ಮಡಂತ್ಯಾರಿನಲ್ಲಿ.

೩ ಮಾರ್ಚ್, ಸೋಮವಾರ

ರಂಜಾನ್ ಶುರುವಾಗಿದೆ. ರುಖಿಯಮ್ಮ ಉಪವಾಸದಲ್ಲಿಯೂ ಬರುತ್ತಾರೆ. ಪ್ರೊಫೆಸರರ ಉದ್ದ ವಾಕ್ಯಗಳನ್ನು ನಾನೇ ತುಂಡು ಮಾಡಿ, ತುಳುವಿನಲ್ಲಿ ವಿವರಿಸಿ ಓದುತ್ತಿದ್ದೇನೆ. ಹಾಗೆ ಓದಿದರೆ ಪುಸ್ತಕ ಬೇರೆಯೇ ಆಗುತ್ತದೆ. ಅದರಲ್ಲಿ ದುರ್ಗಾದೇವಿ ಸಿಕ್ಕಿದರು! ಅವರು ಮುಂದೆ ಲಕ್ನೋದಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದರಂತೆ, ತೊಂಬತ್ತು ದಾಟಿ ಬದುಕಿದರಂತೆ. ಕಾಂತಿಯಕ್ಕ ತಡ್ಪೆಗೆ ಬಡಿದು, "ನೋಡಿದಿರಾ, ನಾನು ಹೇಳಲಿಲ್ವಾ!" ಎಂದರು, ತಾವೇ ಆ ಶಾಲೆ ಕಟ್ಟಿಸಿದವರಂತೆ.

ಆಮೇಲೆ ಜೈಲಿನ ಉಪವಾಸ, ನೂರು ದಿನಕ್ಕೂ ಹೆಚ್ಚು. ರುಖಿಯಮ್ಮ ಕೇಳಿದರು, "ನೀರು ಕುಡೀತಿದ್ದನಾ?"

"ಕುಡೀತಿದ್ದರು."

"ಹಾಗಾದರೆ ನಮ್ಮದೇ ಗಟ್ಟಿ." ಎಲ್ಲರೂ ನಕ್ಕರು. ಅವರು ಎರಡು ಬೀಡಿ ಸುತ್ತಿ, ನೂಲು ಕಟ್ಟಿ, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು, "ಆದರೆ ನಮಗೆ ಸಂಜೆ ಅಂತ ಒಂದು ಉಂಟು."

೭ ಮಾರ್ಚ್, ಶುಕ್ರವಾರ

ಓದಬಾರದಿತ್ತು. ಪ್ರೊಫೆಸರರ ಪುಸ್ತಕದ ಕೊನೆಯ ಭಾಗವನ್ನು ಮನೆಯಲ್ಲಿ ಮೊದಲೇ ಓದಿಬಿಟ್ಟೆ.

ತಾಯಿ ಗಲ್ಲಿನ ದಿನ ಮಗನನ್ನು ನೋಡಲೇ ಇಲ್ಲ. ಕೊನೆಯ ಭೇಟಿ ಮಾರ್ಚ್ ಮೂರಕ್ಕೇ ಆಗಿತ್ತು. ಇಪ್ಪತ್ತಮೂರರಂದು ಮನೆಯವರು ಬಂದಿದ್ದರು, ಬಂದವರೆಲ್ಲರನ್ನೂ ಒಳಗೆ ಬಿಡುವುದಿಲ್ಲವೆಂದು ಜೈಲಿನವರು ಹೇಳಿದರು, ಭೇಟಿಯಾಗದೆ ಮರಳಿದರು. ಸಂಜೆ ಗಲ್ಲು. ದೇಹವನ್ನೂ ಕೊಡಲಿಲ್ಲ, ಗುಟ್ಟಾಗಿ ಒಯ್ದು ನದಿಯ ಬದಿಯಲ್ಲಿ ಸುಟ್ಟರು. ಕೆಳಗೆ ಏಳು ಅಡಿಟಿಪ್ಪಣಿಗಳು.

ಮಾಸ್ಟ್ರ ನಾಲ್ಕು ಪುಟಗಳಿಗೆ ಒಂದೂ ಇಲ್ಲ.

೧೦ ಮಾರ್ಚ್, ಸೋಮವಾರ

ಹೇಳಿದೆ. ಸುಮ್ಮನಿದ್ದುಬಿಡಲೇ ಎಂದು ಎರಡು ದಿನ ಯೋಚಿಸಿದೆ. ಆದರೆ ಅದೇ ಜಗಲಿಯಲ್ಲಿ ಕುಳಿತು ಆ ಪುಟವನ್ನು ಹಾರಿಸಿ ಓದಲು ಆಗಲಿಲ್ಲ.

ಕಾಂತಿಯಕ್ಕನಿಗೆ ಸಿಟ್ಟು ಬಂತು. "ಸುಳ್ಳಾದರೆ ಏನೀಗ? ಚೆಂದ ಉಂಟಲ್ಲ? ಸಿನಿಮಾದಲ್ಲಿ ತೋರಿಸುವುದಿಲ್ವಾ?"

"ಸಿನಿಮಾ ಅಂತ ಹೇಳಿ ತೋರಿಸ್ತಾರೆ," ಎಂದೆ. "ಇದನ್ನು ನಿಜ ಅಂತ ಹೇಳಿ ಶಾಲೆಗೆ ಕೊಡ್ತಾರೆ."

"ನೀನೇ ಓದಿ ಅಳಿಸಿದ್ದು, ಈಗ ನೀನೇ ಸುಳ್ಳು ಅಂತಿ!"

ರುಖಿಯಮ್ಮ ಎದ್ದರು. ಬೀಡಿಯನ್ನು ಕೊಡದೆ, ಬುಟ್ಟಿಯ ಸಮೇತ ಹೋಗಿಬಿಟ್ಟರು. ಹೋಗುವಾಗ ನನ್ನನ್ನು ನೋಡಲಿಲ್ಲ.

೧೧ ಮಾರ್ಚ್, ಮಂಗಳವಾರ

ರುಖಿಯಮ್ಮ ಬಂದರು, ಜಗಲಿಗಲ್ಲ, ಗ್ರಂಥಾಲಯದ ಒಳಗೆ. ಮೊದಲ ಸಲ. ಕಪಾಟುಗಳನ್ನು ಒಮ್ಮೆ ನೋಡಿ, ಬೆಂಚಿನ ತುದಿಯಲ್ಲಿ ಕೂತರು. "ಆ ಪುಟ ಓದು," ಎಂದರು. "ಮಾಸ್ಟ್ರದ್ದು ಅಲ್ಲ. ಇನ್ನೊಂದು."

ಓದಿದೆ. ಅರ್ಧ ಪುಟ, ಅಷ್ಟೇ. ಮತ್ತೊಮ್ಮೆ ಓದಲು ಹೇಳಿದರು.

ಆಮೇಲೆ ಅವರಿಗೆ ಒಬ್ಬ ಮಗನಿದ್ದ ಎಂದು ನನಗೆ ಗೊತ್ತಾಯಿತು. ಸಾಬಿತ್. ಸೌದಿಯ ದಮ್ಮಾಮಿನಲ್ಲಿ ಕೆಲಸ, ಇಪ್ಪತ್ತೈದು ವರ್ಷ ಪ್ರಾಯ, ಒಂದು ದಿನ ಎದೆನೋವು. ಹನ್ನೊಂದು ವರ್ಷವಾಯಿತಂತೆ. ಮಯ್ಯತ್ತು, ಅವನ ದೇಹ, ಬರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋಗಿ, ಬೆಳಿಗ್ಗೆಯಿಂದ ಸಾಮಾನು ಬರುವ ಗೇಟಿನ ಹತ್ತಿರ ನಿಂತಿದ್ದರು. ಮಧ್ಯಾಹ್ನ ಫೋನ್ ಬಂತು. ಕಾಗದಪತ್ರ ಆಗಲಿಲ್ಲ, ಅಲ್ಲೇ ದಫನ ಮಾಡಿದ್ದಾರೆ ಎಂದು.

"ವಾಪಸ್ ಬರುವಾಗ ಬಸ್ಸಿನಲ್ಲಿ ಟಿಕೆಟ್ ತಗೊಂಡೆ. ಕಂಡಕ್ಟರ್ ಚಿಲ್ಲರೆ ಇಲ್ವಾ ಅಂತ ಬೈದ. ಹುಡುಕಿ ಕೊಟ್ಟೆ." ಸೆರಗಿನ ತುದಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದರು. "ಮಾಸ್ಟ್ರ ಪುಸ್ತಕ ಕೇಳುವಾಗ ನಾನು ಯಾಕೆ ಅತ್ತದ್ದು ಗೊತ್ತುಂಟಾ ಮಗಾ? ಅವಳಿಗಾದರೂ ನೋಡಲಿಕ್ಕೆ ಸಿಕ್ಕಿತಲ್ಲ ಅಂತ. ನನಗೆ ಹೊಟ್ಟೆಕಿಚ್ಚು ಬಂದದ್ದು."

ನಾನು ಪುಸ್ತಕ ಮುಚ್ಚಿ ಅವರ ಪಕ್ಕ ಬೆಂಚಿನಲ್ಲಿ ಕೂತೆ.

"ನೋಡದೆ ವಾಪಸ್ ಬಂದವಳು ತಾಯಿ ಅಲ್ವಾ? ಅವಳನ್ನು ಯಾಕೆ ತೆಗೆದು ಹಾಕಿದರು? ನಿನ್ನ ಮಾಸ್ಟ್ರನ್ನು ಕೇಳು."

ಕೇಳುತ್ತೇನೆ ಎಂದೆ. ಕೈ ಹಿಡಿದು ಹೇಳಿದ್ದೇನೆ.

೧೫ ಮಾರ್ಚ್, ಶನಿವಾರ

ಪಾಣೆಮಂಗಳೂರಿಗೆ ಹೋಗಿದ್ದೆ. ವೇದಿಕೆಯಲ್ಲಿ ಹೇಳುವ ಮೊದಲು ಮನೆಗೆ ಹೋಗಿ ಹೇಳುವುದು ಮರ್ಯಾದೆ. ಸೇತುವೆಯ ಹತ್ತಿರ ಇಳಿದು, ದಾರಿ ಕೇಳಿ ಮನೆ ಹುಡುಕಿದೆ.

ಶಾಹುಲ್ ಹಮೀದ್ ಮಾಸ್ಟ್ರಿಗೆ ಎಪ್ಪತ್ತೆಂಟು. ತೆಳ್ಳಗೆ, ಕೈ ಸ್ವಲ್ಪ ನಡುಗುತ್ತದೆ. ತಾವು ಉಪವಾಸವಿದ್ದರೂ ನನಗೆ ಸೊಸೆಯ ಕೈಯಿಂದ ಶರಬತ್ತು ಮಾಡಿಸಿ, ನಾನು ಕುಡಿದು ಮುಗಿಸುವವರೆಗೆ ಎದುರಿಗೇ ಕುಳಿತರು. ಜಗಲಿಯಲ್ಲಿ ಓದುವ ಸುದ್ದಿ ಕೇಳಿ ಅವರ ಕಣ್ಣು ಹೊಳೆದ ರೀತಿ! "ಬೀಡಿ ಕಟ್ಟುವವರು ಕೇಳಿದರಾ? ಪೂರ್ತಿ ಕೇಳಿದರಾ? ಯಾವ ಭಾಗ ಇಷ್ಟ ಆಯ್ತು?"

"ತಾಯಿ ಬರುವ ಭಾಗ," ಎಂದೆ.

"ನನಗೆ ಗೊತ್ತಿತ್ತು!" ಎಂದು ನಕ್ಕು, ಹೊಸ ಪ್ರತಿ ತೆಗೆದು 'ವಾಮದಪದವಿನ ಜಗಲಿಗೆ' ಎಂದು ಬರೆದು ಕೊಟ್ಟರು.

ತೆಗೆದುಕೊಂಡು ಬಂದೆ.

೧೬ ಮಾರ್ಚ್, ಭಾನುವಾರ

ಮಾತು ಸಿಕ್ಕಿಹಾಕಿಕೊಂಡದ್ದಲ್ಲ. ಇಲ್ಲಿಯಾದರೂ ನಿಜ ಬರೆಯಬೇಕು. ನಿನ್ನೆ ಒಂದು ಅಕ್ಷರವೂ ಸಿಕ್ಕಿಹಾಕಿಕೊಳ್ಳಲಿಲ್ಲ. ಹೆದರಿದೆ, ಅಷ್ಟೇ.

೧೭ ಮಾರ್ಚ್, ಸೋಮವಾರ

ರುಖಿಯಮ್ಮನಿಗೆ ಹೇಳಿದೆ, ಕೇಳಲು ಆಗಲಿಲ್ಲ ಎಂದು. ಬೈಯುತ್ತಾರೆ ಎಂದುಕೊಂಡಿದ್ದೆ. "ಶರಬತ್ತು ಕೊಟ್ಟರಾ?" ಎಂದು ಕೇಳಿದರು. ಹೌದೆಂದೆ. "ಹಾಗಾದರೆ ಕಷ್ಟವೇ," ಎಂದರು.

ನಾವು ಮತ್ತೆ ಮತ ಹಾಕಿದೆವು. ಈ ಸಲ ದಪ್ಪ ಪುಸ್ತಕಕ್ಕೆ ಹನ್ನೊಂದು, ಮಾಸ್ಟ್ರದ್ದಕ್ಕೆ ಐದು. ಕಾಂತಿಯಕ್ಕ ದುರ್ಗಾದೇವಿಗಾಗಿ ಪಕ್ಷ ಬದಲಾಯಿಸಿದ್ದಾರೆ. "ಭಾನುವಾರ ನಾವೂ ಬರ್ತೇವೆ. ಜೀಪು ಮಾಡುವ," ಎಂದರು. ಭೋಜಣ್ಣನೂ ಬರುತ್ತಾನಂತೆ! ಮುಂದಿನ ಸೀಟು ಅವನಿಗೆ ಕೊಡುವುದಿಲ್ಲ ಎಂದು ಈಗಲೇ ಜಗಳ ಶುರುವಾಗಿದೆ.

೨೩ ಮಾರ್ಚ್, ಭಾನುವಾರ

ಎಲ್ಲಿಂದ ಶುರು ಮಾಡಲಿ!

ಜೀಪಿನಲ್ಲಿ ಒಂಬತ್ತು ಜನ. ಸಿದ್ದಕಟ್ಟೆಯವರೆಗೆ ಕಾಂತಿಯಕ್ಕ ನನ್ನಿಂದ ಭಾಷಣ ಹೇಳಿಸಿದರು, ಅಲ್ಲಿಂದ ಮುಂದೆ ತಾವೇ ಹೇಳಿದರು. ಮೂಡುಬಿದಿರೆ ಮುಟ್ಟುವಾಗ ಭೋಜಣ್ಣನಿಗೂ ಬಾಯಿಪಾಠ.

ಸಭಾಂಗಣ ತುಂಬಿತ್ತು. ನನಗಿಂತ ಮೊದಲು ಏಳು ಜನ ಮಾತನಾಡಿದರು. ಐವರು ಮಾಸ್ಟ್ರ ಪುಸ್ತಕವನ್ನೇ ಹೊಗಳಿದರು. ಐವರಲ್ಲಿ ನಾಲ್ವರು ತಾಯಿಯ ದೃಶ್ಯವನ್ನು ಹೇಳಿ ಗದ್ಗದಿತರಾದರು. ಮಾಸ್ಟ್ರು ಅಧ್ಯಕ್ಷರ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕುಳಿತಿದ್ದರು.

ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತು ಭಗತ್ ಎನ್ನಲು ಹೋದೆ, ತುಟಿ ಮುಚ್ಚಿತು. ತೆರೆಯಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಕಾಂತಿಯಕ್ಕ ಪೂರ್ತಿ ಹಿಂದಕ್ಕೆ ತಿರುಗಿ ಕೂತು ಅವರನ್ನು ನೋಡಿದರು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕಾಂತಿಯಕ್ಕನ ಪ್ರಕಾರ ಒಂದು ಬೀಡಿ ಕಟ್ಟುವಷ್ಟು. ನಾನು ಯೋಚಿಸುತ್ತಿದ್ದದ್ದು ಒಂದೇ, ಪುಟದ ಸಂಖ್ಯೆ ಸರಿಯಾಗಿ ಹೇಳಬೇಕು ಎಂದು. ಆಮೇಲೆ ಮಾತು ಬಂತು.

ಹೇಳಿದೆ. ನಾವು ಹದಿನಾರು ಜನ ಈ ಪುಸ್ತಕಗಳನ್ನು ಹೇಗೆ ಕೇಳಿದೆವೆಂದು. ಒಂದು ಪುಸ್ತಕದಲ್ಲಿ ಭಗತ್ ಸಿಂಗ್ ಬರೀ ನಗುತ್ತಾರೆ, ಒಂದರಲ್ಲಿ ಬರೀ ತಾರೀಖು. ಒಂದು ಪುಸ್ತಕ ನಮ್ಮನ್ನು ಓಡಿಸಿತು, ಕುಣಿಸಿತು, ಅಳಿಸಿತು. ಅದನ್ನು ನಾವು ಬಹಳ ಪ್ರೀತಿಸಿದೆವು. ಅದರಲ್ಲಿ ಕೊನೆಯ ದಿನ ತಾಯಿ ಮಗನನ್ನು ನೋಡುತ್ತಾರೆ. ಆದರೆ ಆ ದಿನ ಅವರು ನೋಡಲಿಲ್ಲ. ಗೇಟಿನಿಂದ ಮರಳಿದರು. ಆಧಾರ ಇಂಥ ಪುಟ, ಇಂಥ ಟಿಪ್ಪಣಿ.

ಸಭೆಯಲ್ಲಿ ಗುಸುಗುಸು. ಗಂಟೆ ಬಾರಿಸಿದರು, ನನ್ನ ಐದು ನಿಮಿಷ ಮುಗಿದಿತ್ತು. ಇನ್ನೊಂದು ಮಾತು ಉಂಟು ಎಂದೆ. ಮತ್ತೆ ಗಂಟೆ ಬಾರಿಸಿದರು. ಉಂಟು ಎಂದೆನಲ್ಲ, ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ನಮ್ಮ ಜಗಲಿಯಲ್ಲಿ, ಮಗನನ್ನು ನೋಡಲು ಹೋಗಿ ನೋಡದೆ ವಾಪಸ್ ಬಂದ ತಾಯಿ ಒಬ್ಬರಿದ್ದಾರೆ. ಅಂಥವರನ್ನು ಪುಸ್ತಕದಿಂದ ಯಾಕೆ ತೆಗೆದು ಹಾಕಿದಿರಿ ಎಂದು ಅವರು ಕೇಳುತ್ತಾರೆ. ಅವರ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ."

ಮಾಸ್ಟ್ರು ಎದ್ದು ನಿಂತರು. ಮೈಕು ಕೊಡಲು ಹೋದವರನ್ನು ಕೈಯಲ್ಲೇ ತಡೆದರು.

"ಅದು ನನ್ನ ಪುಸ್ತಕ," ಎಂದರು. "ಎಲ್ಲರಿಗೂ ಗೊತ್ತುಂಟು. ನೂರ ಎಂಬತ್ತೊಂದನೆಯ ಪುಟ. ಬರೆಯುವಾಗ ನನಗೆ ಇಪ್ಪತ್ತಾರು ವರ್ಷ. ಅವರು ನೋಡಲಿಲ್ಲ ಅಂತ ಆಗಲೂ ಗೊತ್ತಿತ್ತು. ಬರೆಯಲಿಕ್ಕೆ ಕೂತೆ, ಆಗಲಿಲ್ಲ. ಆ ತಾಯಿಯನ್ನು ಹಾಗೇ ಗೇಟಿನಿಂದ ಕಳಿಸಲಿಕ್ಕೆ..." ಮೇಜಿನ ಅಂಚು ಹಿಡಿದುಕೊಂಡರು. "ನನಗೆ ತಡೆಯಲಿಕ್ಕೆ ಆಗಲಿಲ್ಲ."

ಆಗ ನಾಲ್ಕನೆಯ ಸಾಲಿನಿಂದ ರುಖಿಯಮ್ಮ, ಕೂತಲ್ಲಿಂದಲೇ, ಬ್ಯಾರಿ ಭಾಷೆಯಲ್ಲಿ ಒಂದು ಮಾತು ಹೇಳಿದರು. ಮಾಸ್ಟ್ರು ಅವರನ್ನೇ ನೋಡಿದರು. ಸಭೆಯವರು, ಏನಂತೆ, ಏನಂತೆ ಎಂದು ನನ್ನ ಕಡೆ ತಿರುಗಿದರು. ಬ್ಯಾರಿ ಅರ್ಥವಾಗುವ ನಾನು ಮೈಕಿನಲ್ಲಿ ಕನ್ನಡ ಮಾಡಿ ಹೇಳಿದೆ.

"ಅವರು ಹೇಳಿದ್ದು: ನಾನು ತಡೆದುಕೊಂಡೆ, ಮಾಸ್ಟ್ರೇ."

ಮಾಸ್ಟ್ರು ನಿಧಾನವಾಗಿ ಕುರ್ಚಿಯಲ್ಲಿ ಕುಳಿತರು.

ಹನ್ನೊಂದು ಗ್ರಂಥಾಲಯಗಳ ಮತ ಎಣಿಸಿದಾಗ ಮಾಸ್ಟ್ರ ಪುಸ್ತಕಕ್ಕೆ ಏಳು, ದಪ್ಪ ಪುಸ್ತಕಕ್ಕೆ ನಾಲ್ಕು. ನಾವು ಸೋತೆವು! ಆದರೆ ಮಾಸ್ಟ್ರು, ಆ ನಾಲ್ಕು ಪುಟ ತಿದ್ದದೆ ಒಂದು ಪ್ರತಿಯೂ ಶಾಲೆಗೆ ಹೋಗುವುದಿಲ್ಲ ಎಂದು ಹೇಳಿದರು. ಇಳಿದು ಬಂದು ರುಖಿಯಮ್ಮನ ಮುಂದೆ ನಿಂತು ಕೇಳಿದರು, "ಈದ್ ಕಳೆದ ಮೇಲೆ ನನ್ನ ಮನೆಗೆ ಬರ್ತೀರಾ?"

ವಾಪಸ್ ಬರುವಾಗ ಮುಂದಿನ ಸೀಟಿನಲ್ಲಿ ರುಖಿಯಮ್ಮ. ಯಾರೂ ಜಗಳ ಮಾಡಲಿಲ್ಲ. ನನಗೆ ಹಾಡಬೇಕು ಅನಿಸುತ್ತಿತ್ತು, ಹಾಡಿದೆ ಕೂಡ. ಭೋಜಣ್ಣ ಕಿವಿ ಮುಚ್ಚಿಕೊಂಡ.

೩ ಏಪ್ರಿಲ್, ಗುರುವಾರ

ಈದ್ ಕಳೆದು ಮೂರು ದಿನ. ರುಖಿಯಮ್ಮನೂ ನಾನೂ ಪಾಣೆಮಂಗಳೂರಿಗೆ ಹೋದೆವು. ಈ ಸಲ ಮಾಸ್ಟ್ರೂ ನಮ್ಮ ಜೊತೆ ಚಹಾ ಕುಡಿದರು.

ಮೇಜಿನ ಮೇಲೆ ಬಿಳಿ ಹಾಳೆಗಳ ಕಟ್ಟು, ಎರಡು ಪೆನ್ನು. ಮಾಸ್ಟ್ರು ಸಿದ್ಧವಾಗಿ ಕುಳಿತಿದ್ದರು. "ಹೇಳಿ ಅಮ್ಮಾ," ಎಂದರು. "ಗೇಟಿನ ಎದುರು ನಿಂತಾಗ ಹೇಗಿತ್ತು, ವಾಪಸ್ ಬರುವಾಗ ಮನಸ್ಸಿಗೆ ಏನಾಯ್ತು, ಎಲ್ಲ ಹೇಳಿ. ಆ ತಾಯಿಗೂ ಹಾಗೇ ಆಗಿರಬೇಕು. ಈ ಸಲ ಸರಿಯಾಗಿ ಬರೀತೇನೆ."

ರುಖಿಯಮ್ಮ ಲೋಟ ಕೆಳಗಿಟ್ಟರು. 

ನಿಧಾನವಾಗಿ, ಈ ಸಲ ಕನ್ನಡದಲ್ಲೇ ಹೇಳಿದರು.

"ಅದು ಬೇಡ ಮಾಸ್ಟ್ರೇ. ನನ್ನದು ನನ್ನದು. ಅವರದ್ದು ಅವರದ್ದು. ನನ್ನದನ್ನು ತೆಗೆದು ಅವರಿಗೆ ಹಾಕಿದರೆ ಅದೂ ಸುಳ್ಳೇ ಆಗ್ತದೆ ಅಲ್ವಾ?"

ಮಾಸ್ಟ್ರ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು. "ಹಾಗಾದರೆ ಏನು ಬರೆಯಲಿ? ನಾಲ್ಕು ಪುಟ ಖಾಲಿ ಉಂಟು."

"ಬಂದರು, ನೋಡಲಿಕ್ಕೆ ಸಿಗಲಿಲ್ಲ, ಹೋದರು. ಅಷ್ಟೇ ಬರೀರಿ."

"ಓದುವ ಮಕ್ಕಳಿಗೆ ಅಷ್ಟು ಸಾಕಾಗ್ತದಾ?"

ರುಖಿಯಮ್ಮ ನನ್ನ ಕಡೆ ನೋಡಿದರು. ದಪ್ಪ ಪುಸ್ತಕದ ಆ ಅರ್ಧ ಪುಟವನ್ನು ಅವರು ನನ್ನಿಂದ ಎರಡು ಸಲ ಓದಿಸಿದ್ದನ್ನು ನಾನು ಮಾಸ್ಟ್ರಿಗೆ ಹೇಳಿದೆ. ಅದರಲ್ಲಿ ಒಂದೂ ಹೆಚ್ಚಿನ ಮಾತಿರಲಿಲ್ಲ ಎಂದೆ.

ಮಾಸ್ಟ್ರು ಹಾಳೆಯನ್ನು ಹತ್ತಿರ ಎಳೆದುಕೊಂಡರು. ಹೊರಗೆ ಸೇತುವೆಯ ಮೇಲೆ ಲಾರಿಗಳು ಹೋಗುತ್ತಲೇ ಇದ್ದವು. ಆಮೇಲೆ ಒಂದು ಸಾಲು ಬರೆದರು, ಹೊಡೆದು ಹಾಕಿದರು. ಇನ್ನೊಂದು ಬರೆದರು, ಅದರಲ್ಲಿ ಎರಡು ಪದ ತೆಗೆದರು. ಹಾಳೆಯನ್ನು ನನ್ನ ಕಡೆ ತಳ್ಳಿ, "ನೀನು ಓದು. ಅವರು ಕೇಳಲಿ," ಎಂದರು.

ಓದಿದೆ. "ಮಾರ್ಚ್ ಇಪ್ಪತ್ತಮೂರರಂದು ಭಗತ್ ಸಿಂಗನ ಮನೆಯವರು ಜೈಲಿನ ಬಾಗಿಲಿಗೆ ಬಂದಿದ್ದರು. ಅವನನ್ನು ನೋಡದೆ ಮರಳಿದರು."

ರುಖಿಯಮ್ಮ ಕಣ್ಣು ಮುಚ್ಚಿ ಕೇಳಿದರು. ತಲೆಯಾಡಿಸಿದರು.

"ಹಾಂ," ಎಂದರು. "ಹೀಗೇ ಆದದ್ದು."